ಸೀರೆ ಎಳೆಯುವ ಮುನ್ನ ಚಿಕ್ಕನಂಜಮ್ಮನ ಅಪ್ಪಣೆ

ಚಿಕ್ಕರಸಿನಕೆರೆಯ ಸಮುದಾಯ ಭವನದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಖಾಸಗಿ ಬಸ್ಸಿನ ಡ್ರೈವರ್ ಸಿದ್ದರಾಜು ಮೊದಲ ಟ್ರಿಪ್ಪಿಗೆ ಮುಂಚೆ ನಾಟಕದ ಪ್ರಾಕ್ಟೀಸಿಗೆ ಬಂದಿದ್ದಾರೆ. ಅವರದು ಖಳನ ಪಾತ್ರ. ಆದರೆ ಮಳವಳ್ಳಿಯ ಚಿಕ್ಕನಂಜಮ್ಮ ಅವರ ಪ್ಯಾಂಟಿನ ಮೇಲೇ ಕೆಂಪು ಸೀರೆ ಸುತ್ತುತ್ತಿದ್ದಾರೆ!

"ನೆಟ್ಗೆ ನಿಂತ್ಕಳ್ಲಾ. ಎಣ್ಮಕ್ಳ ಪಾಡು ಒಸಿ ನಿಂಗೂ ಗೊತ್ತಾಗ್ಲಿ."

ಪೌರಾಣಿಕ ನಾಟಕಗಳಿಗೆ ವೇಷ ತೊಡಿಸುವುದು ಚಿಕ್ಕನಂಜಮ್ಮನ ಕಸುಬು. ಈ ಸೀಮೆಯಲ್ಲಿ ಗಂಡು ಪಾತ್ರಕ್ಕೆ ಊರಿನವರು, ಹೆಣ್ಣು ಪಾತ್ರಕ್ಕೆ ಹೊರಗಿನ ಕಲಾವಿದೆಯರು. ತುಂಬಿದ ಸಭೆಯಲ್ಲಿ ರಾಣಿಯ ಸೀರೆ ಎಳೆಯುವ ಸೀನು ಬಂತೆಂದರೆ, ಶಿಳ್ಳೆ ಬಿದ್ದಷ್ಟೂ ಖಳನಿಗೆ ಮೈಮೇಲೆ ದೇವರು ಬಂದಂತಾಗುತ್ತದೆ. ಹೋದ ವರ್ಷ ಬೇರೊಂದು ಊರಲ್ಲಿ ಒಬ್ಬ ರವಿಕೆಗೇ ಕೈ ಹಾಕಿದ್ದ. ರಾಣಿಯಾಗಿದ್ದ ಬಿಂದುಶ್ರೀ "ಬಿಡು, ಬಿಡು" ಎಂದು ಕಿರುಚಿದರೆ, ಜನ ಡೈಲಾಗೆಂದುಕೊಂಡು ಚಪ್ಪಾಳೆ ತಟ್ಟಿದರು. ಅವತ್ತೇ ಆ ಪಾತ್ರಕ್ಕೆ ಕೈಮುಗಿದಿದ್ದ ಬಿಂದುಶ್ರೀಯನ್ನು ಚಿಕ್ಕನಂಜಮ್ಮ ಪುಸಲಾಯಿಸಿ ಇಲ್ಲಿಗೆ ಕರೆತಂದಿದ್ದಾರೆ. "ಇದೊಂದ್ಸಲ ನೋಡ್ತೀನಿ ಅಕ್ಕ, ಸರಿಹೋಗ್ಲಿಲ್ಲ ಅಂದ್ರೆ ಮತ್ತೆ ಕರೀಬೇಡಿ" ಎಂದಿದ್ದಾರೆ ಬಿಂದುಶ್ರೀ.

ಅದಕ್ಕೇ ಚಿಕ್ಕನಂಜಮ್ಮನ ಕಟ್ಟಪ್ಪಣೆ: ಎಳೆಯುವವನು ಮೊದಲು ಎಳೆಸಿಕೊಳ್ಳಬೇಕು. ಸೆರಗು ಹಿಡಿದು ಬಿಂದುಶ್ರೀ ಜಗ್ಗುತ್ತಾರೆ. ಗಿರಿಜಾ ಮೀಸೆಯ ಸಿದ್ದರಾಜು ಬುಗುರಿಯಂತೆ ತಿರುಗಿ, ಎರಡೂ ಕೈಯಲ್ಲಿ ಬೆಲ್ಟು ಹಿಡಿದುಕೊಂಡು, "ಅಕ್ಕೋ, ಬುಡಕ್ಕೋ!" ಎಂದು ಕೂಗುತ್ತಾರೆ.

"ಇದು ಡೈಲಾಗಾ, ನಿಜಾನಾ?" ಬಿಂದುಶ್ರೀ ಕೇಳಿದ್ದೇ ತಡ, ಭವನವೆಲ್ಲ ಬಿದ್ದು ಬಿದ್ದು ನಗುತ್ತದೆ.

"ನಗ್ಬ್ಯಾಡಿ. ಇದ್ಕೇ ಕಣ್ರಪ್ಪಾ ನಾನೊಂದು ಕೂಗು ಮಡ್ಗಿರೋದು" ಎನ್ನುತ್ತಾರೆ ಚಿಕ್ಕನಂಜಮ್ಮ. ಮೈಗೆ ಕೈ ತಾಕಿದರೆ, ಒಳಗಿನ ಪಿನ್ನು ಸಡಿಲವಾದರೆ, ರಾಣಿ "ನಂಜಮ್ಮಕ್ಕಾ" ಎಂದು ಕೂಗಬೇಕು. ಯಾವ ಪುರಾಣದಲ್ಲೂ ಆ ಹೆಸರಿಲ್ಲವಲ್ಲ! ಕೂಗು ಕೇಳಿದೊಡನೆ ಪರದೆ ಬೀಳುತ್ತದೆ. ಪರದೆಯ ಹಗ್ಗ ಅವರ ಕೈಯಲ್ಲೇ ಇರುತ್ತದೆ.

ಭಾನುವಾರ ಮಧ್ಯಾಹ್ನ ಮಳವಳ್ಳಿಯಲ್ಲಿ ಪ್ರದರ್ಶನ. ಸಿದ್ದರಾಜು ತೊಡೆ ತಟ್ಟಿ ಅಬ್ಬರಿಸುತ್ತಾರೆ, ಕೈ ಮಾತ್ರ ಸೆರಗಿನ ತುದಿ ದಾಟುವುದಿಲ್ಲ. ಬಿಂದುಶ್ರೀ ಗೋಳಾಡುವ ಪರಿಗೆ ಮುಂದಿನ ಸಾಲಿನ ಅಜ್ಜಿಯೊಬ್ಬರು "ನಿನ್ ಕೈ ಸೇದೋಗ" ಎಂದು ಸಿದ್ದರಾಜುಗೆ ಶಾಪ ಹಾಕುತ್ತಾರೆ. ಕೆಳಗಿಳಿದು ಬಂದ ಬಿಂದುಶ್ರೀ ಕೇಳುವುದು ಒಂದೇ: "ಮುಂದಿನ ನಾಟಕ ಯಾವೂರಲ್ಲಿ ಅಕ್ಕಾ?"

ಕೊನೆಗೆ ಮೈಕಿನಲ್ಲಿ ಎಲ್ಲರ ಹೆಸರೂ ಬರುತ್ತದೆ, ಚಿಕ್ಕನಂಜಮ್ಮನದೊಂದು ಬಿಟ್ಟು. ಪ್ರಾಕ್ಟೀಸಿನಿಂದಲೂ ಎಲ್ಲ ನೋಡಿಕೊಂಡು ಬಂದಿದ್ದ ನನಗೆ ರೇಗುತ್ತದೆ. ಅವರು ಸೀರೆ ಮಡಚುತ್ತಾ ನಗುತ್ತಾರೆ.

"ಅಯ್ಯೋ ಬುಡಪ್ಪಾ, ಇಸ್ಟೊತ್ತೂ ಅಗ್ಗ ಇಡ್ಕಂಡು ದ್ಯಾವ್ರನ್ನ ಕೇಳ್ಕತಿದ್ದದ್ದೇ ಅದ್ನ. ಸ್ಟೇಜ್ ಮ್ಯಾಲೆ ನನ್ನೆಸ್ರು ಕೇಳುಸ್ದಂಗೆ ನೋಡ್ಕಳಪ್ಪಾ ಅಂತ."