ಮೂಲೆ ಹರಿದ ಹಾಳೆ

ಬೈಂಡಿಂಗ್ ಮಾಡುವವರು ಪುಸ್ತಕ ಓದಬಾರದು ಎನ್ನುತ್ತಿದ್ದರು ನನ್ನಪ್ಪ. "ಪುಟದ ನಂಬರ್ ನೋಡು, ಸಾಕು. ಓದಿದ್ಯೋ, ಕೆಟ್ಟೆ." ಸಾಗರದ ಈ ಅಂಗಡಿಯನ್ನು ಅವರಿಂದ ವಹಿಸಿಕೊಂಡೆ. ಬುದ್ಧಿಯೊಂದನ್ನು ವಹಿಸಿಕೊಳ್ಳಲಿಲ್ಲ, ಏನು ಮಾಡೋದು!

ಮಂಜು ಮುಸುಕಿದ ಒಂದು ಬೆಳಿಗ್ಗೆ ಇಬ್ಬರು ಹೆಂಗಸರು ಒಂದೇ ಹೊತ್ತಿಗೆ ಬಂದರು. ಒಬ್ಬರು ಹೊಸನಗರದ ನಿವೃತ್ತ ನರ್ಸ್, ಕೈಯಲ್ಲಿ ಬೈಬಲ್. ಇನ್ನೊಬ್ಬರು ಆನಂದಪುರದ ವಯಸ್ಸಾದ ಮುಸ್ಲಿಂ ಹೆಂಗಸು. ಅವರದ್ದು ಕುರ್‌ಆನಿನ ಕನ್ನಡ ಅನುವಾದ. ಎರಡೂ ತೆಳು ಕಾಗದ, ಎರಡೂ ಹಳದಿ ತಿರುಗಿದ್ದವು, ಎರಡರ ಬೆನ್ನೂ ಕಿತ್ತುಹೋಗಿತ್ತು.

"ನಮ್ಮಲ್ಲಿ ಮೊದಲು ಇಳಿದು ಬಂದ ಮಾತೇ 'ಓದು' ಅಂತ," ಎಂದರು ಆನಂದಪುರದ ಅಮ್ಮ. "ಗುಹೇಲಿ ಒಬ್ರೇ ಕೂತಿದ್ದ ಪೈಗಂಬರರಿಗೆ. ಅವರಿಗೋ, ಓದೋಕೇ ಬರ್ತಿರ್ಲಿಲ್ಲ."

"ನಮ್ಮಲ್ಲಿ ಹಾಗಲ್ಲ," ಎಂದರು ನರ್ಸಮ್ಮ. "ಯೇಸು ಏನೂ ಬರೆದಿಡ್ಲಿಲ್ಲ. ಆಮೇಲೆ ನಾಲ್ಕು ಜನ ನಾಲ್ಕು ಥರ ಬರೆದ್ರು."

ಮಾತಾಡುತ್ತಾ ಇಬ್ಬರೂ ಫೋನ್ ನಂಬರ್ ಕೂಡ ಕೊಟ್ಟುಕೊಂಡರು. ಹೊರಡುವಾಗ ಆನಂದಪುರದ ಅಮ್ಮ ನನ್ನ ಕೈ ಹಿಡಿದರು. "ಬೇಗ ಮಾಡಿಕೊಡು ಮಗಳೇ. ಸೊಸೆಗೆ ದಿನ ತುಂಬಿದೆ. ಹಿಂದಿನ ಎರಡು ಕೂಸೂ ಹುಟ್ಟುವಾಗಲೇ ಹೋದ್ವು. ಈ ಸಲ ನೋವು ಬಂದಾಗ ಮರ್ಯಮರ ಅಧ್ಯಾಯ ಓದಬೇಕು, ಅದೂ ತನ್ನಮ್ಮ ಓದ್ತಿದ್ದ ಈ ಪುಸ್ತಕದಿಂದಲೇ ಅಂತ ಹಟ ಹಿಡಿದಿದಾಳೆ. ಅವಳಮ್ಮ ಈಗಿಲ್ಲ."

"ಮೊಬೈಲಲ್ಲಿ ಸಿಗಲ್ವಾ ಅಮ್ಮಾ?"

"ಸಿಗ್ತದೆ. ಅದರಲ್ಲಿ ಅವಳಮ್ಮ ಸಿಗ್ತಾಳಾ?"

ಎರಡೂ ಪುಸ್ತಕಗಳನ್ನು ಮೇಜಿನ ಮೇಲೆ ಎತ್ತಿಟ್ಟುಕೊಂಡೆ.

ಮರುದಿನ ಕೆಲಸಕ್ಕೆ ಕೂತಾಗ ಮೇಜಿನ ಕೆಳಗೆ ಒಂದು ಬಿಡಿ ಹಾಳೆ ಸಿಕ್ಕಿತು. ಮೂಲೆ ಹರಿದು ನಂಬರ್ ಹೋಗಿತ್ತು. ಎರಡು ಪುಸ್ತಕದಲ್ಲೂ ಅಲ್ಲಲ್ಲಿ ಹಾಳೆ ಕಳೆದಿದ್ದರಿಂದ ಯಾವುದರದ್ದೆಂದು ತಿಳಿಯಲಿಲ್ಲ. ಓದದೆ ಗತಿಯಿಲ್ಲ. ನನಗೋ ಗಟ್ಟಿಯಾಗಿ ಓದಿದರೇ ತಲೆಗೆ ಹತ್ತುವುದು. ಹೆರಿಗೆ ನೋವಿನ ಹೆಂಗಸೊಬ್ಬಳು ಖರ್ಜೂರದ ಮರದ ಬುಡಕ್ಕೆ ಬಂದು, ಇದಕ್ಕೆ ಮೊದಲೇ ಸತ್ತುಹೋಗಬಾರದಿತ್ತೇ ಎನ್ನುತ್ತಾಳೆ. ಆಗ ಕೆಳಗಿನಿಂದ ಒಂದು ದನಿ, ದುಃಖಿಸಬೇಡ ಎನ್ನುತ್ತದೆ. ಅಷ್ಟರಲ್ಲಿ ಧೂಳಿಗೆ ನನಗೆ ಕೆಮ್ಮು ಬಂತು. ಸುಧಾರಿಸಿಕೊಂಡು ಕೊನೆಯ ಸಾಲಿನವರೆಗೂ ಓದಿದೆ.

ನನ್ನ ಅಂಗಡಿಯ ನೆಲ ಹಲಗೆಯದ್ದು, ಅಡಿಯಲ್ಲಿ ಚರಂಡಿ. ಓದು ಮುಗಿದದ್ದೇ ತಡ, ಆ ಹಲಗೆಯ ಕೆಳಗೆ ಯಾರೋ ಉಸ್ಸೆಂದು ಉಸಿರು ಬಿಟ್ಟರು. ಬಗ್ಗಿ ನೋಡಿದೆ. ಚರಂಡಿ ಒಣಗಿತ್ತು, ಯಾರೂ ಇರಲಿಲ್ಲ.

ಹಾಳೆಯಲ್ಲಿ ಆ ಹೆಂಗಸಿನ ಹೆಸರಿರಲಿಲ್ಲ. ಗಂಡ ಜೊತೆಗಿಲ್ಲದೆ ಹೆರುವವಳು ಅಂದರೆ ಮೇರಿಯಮ್ಮ ತಾನೇ, ಇನ್ಯಾರು? ಮರ್ಯಮ್ ಅಂದರೂ ಅವಳೇ ಎಂದು ನನ್ನ ದಡ್ಡ ತಲೆಗೆ ಯಾರು ಹೇಳಬೇಕು? ಬೈಬಲ್ಲಿಗೆ ಸೇರಿಸಿ ಹೊಲಿದೆ. ಮೂರು ಸಲ ನೂಲು ಹರಿಯಿತು, ಅದೂ ಆ ಹಾಳೆಯ ಹತ್ತಿರವೇ. ದಪ್ಪ ನೂಲು ಹಾಕಿ ಮುಗಿಸಿದೆ. ನಾಲ್ಕು ದಿನದಲ್ಲಿ ಎರಡೂ ಪುಸ್ತಕಗಳು ಅವರವರ ಮನೆ ಸೇರಿದವು.

ಅದಾಗಿ ಎರಡನೇ ದಿನ ಮಧ್ಯಾಹ್ನ ನರ್ಸಮ್ಮನ ಫೋನ್. "ಎಂತ ಮಾಡಿಟ್ಟಿದೀಯ ಮಾರಾಯ್ತಿ? ಇದು ನಮ್ಮ ಹಾಳೆ ಅಲ್ಲ. ನಮ್ಮಲ್ಲಿ ಜೋಸೆಫ್ ಇದ್ದ, ಗೋದಲಿ ಇತ್ತು. ಇಲ್ಲಿ ಮೇರಿಯಮ್ಮ ಒಬ್ಳೇ ಮರದ ಬುಡದಲ್ಲಿ ಸಾಯ್ಬೇಕಿತ್ತು ಅಂತಾಳೆ. ಅವರಲ್ಲಿ ಅವಳ ಹೆಸರಿನದ್ದೇ ಒಂದು ಅಧ್ಯಾಯ ಇದೆಯಂತೆ, ನಮ್ಮಲ್ಲಿ ಅದೂ ಇಲ್ಲ ನೋಡು. ನಲವತ್ತು ವರ್ಷ ಹೆರಿಗೆ ಮಾಡಿಸಿದೀನಿ. ಇದು ಹೆರುವವಳದೇ ಮಾತು, ಸುಳ್ಳಲ್ಲ."

ಆ ಫೋನ್ ಇಡುವಷ್ಟರಲ್ಲಿ ಆನಂದಪುರದ ಅಮ್ಮನದ್ದು ಬಂತು. ಸೊಸೆ ಸಾಗರದ ಆಸ್ಪತ್ರೆಯಲ್ಲಿದ್ದಾಳೆ, ನೋವು ಜೋರಾಗಿದೆ, ಆ ಹಾಳೆಯೇ ಇಲ್ಲ, ಹುಡುಗಿ ಒಂದೇ ಸಮನೆ ಅಳುತ್ತಿದ್ದಾಳೆ. ಹೊಸನಗರದಿಂದ ಬಸ್ಸಲ್ಲಿ ತರಿಸುವಷ್ಟು ಹೊತ್ತೆಲ್ಲಿ? ನರ್ಸಮ್ಮನಿಗೆ ಹೇಳಿದೆ, ಅವರು ಫೋನಿನಲ್ಲೇ ಓದಲು ಒಪ್ಪಿದರು. ನಾನು ಅಂಗಡಿಯಲ್ಲಿ ಕೈ ಹಿಸುಕಿಕೊಳ್ಳುತ್ತಾ ಕೂತೆ. ಈ ಕೂಸೂ ಹೋದರೆ ಆ ಪಾಪ ನನ್ನದೇ.

ಅರ್ಧ ಗಂಟೆಗೆ ನರ್ಸಮ್ಮ ಗಾಬರಿಯಲ್ಲಿ ಫೋನ್ ಮಾಡಿದರು. "ಕೆಳಗಿನಿಂದ ಒಂದು ದನಿ ಅನ್ನೋವಷ್ಟರಲ್ಲಿ ಕಟ್ ಆಯ್ತು ಮಾರಾಯ್ತಿ. ಮತ್ತೆ ಸಿಗ್ತಾನೇ ಇಲ್ಲ."

ಸಂಜೆ ಆನಂದಪುರದ ಅಮ್ಮನ ಫೋನ್ ಬಂತು. "ಹೆಣ್ಣು ಕೂಸು, ಮಗಳೇ. ಅಳ್ತಾ ಇದೆ, ಕೇಳು." ಕೇಳಿ ನಾನೂ ಗೊಳೋ ಎಂದು ಅತ್ತುಬಿಟ್ಟೆ.

ವಾರದ ಮೇಲೆ ನರ್ಸಮ್ಮನಿಂದ ಹಾಳೆ ತರಿಸಿಕೊಂಡು ಆನಂದಪುರಕ್ಕೆ ಹೋದೆ. ಆ ಸೊಸೆ ಅದುವರೆಗೂ ನನ್ನನ್ನು ಕಂಡವಳಲ್ಲ, ಮಾತಾಡಿದವಳೂ ಅಲ್ಲ. "ತಪ್ಪು ನನ್ನದಮ್ಮಾ, ಆ ಓದು ಅರ್ಧಕ್ಕೇ ನಿಂತುಹೋಯ್ತು," ಎಂದೆ.

ನನ್ನ ದನಿ ಕೇಳಿದ್ದೇ ಅವಳು ತಲೆಯೆತ್ತಿ ನೆಟ್ಟ ನೋಟದಿಂದ ನೋಡಿದಳು.

"ಇಲ್ವಲ್ಲ. ನರ್ಸಮ್ಮ ನಿಲ್ಲಿಸಿದ ಮೇಲೆ ನೀವೇ ಓದಿದ್ರಲ್ಲ, ಕೊನೇ ಸಾಲಿನ ತನಕ," ಎಂದಳು. "ನಡುವೆ ಒಂದ್ಸಲ ಕೆಮ್ಮಿದ್ರಿ."