ಎರಡು ತಿಂಗಳ ಸಿಪಾಯಿ

ಅದಕ್ಕೆ ನಾನು ತೆತ್ತ ಬೆಲೆ ಒಂದು ಮನೆ. ತಡವಾಗಿ ಹೋದರೂ ರೊಟ್ಟಿ ಮುಚ್ಚಿಟ್ಟಿರುತ್ತಿದ್ದ, ಎಲ್ಲಿ ಹೋಗಿದ್ದಿ ಅಂತ ಬೈಯುವವರಿದ್ದ ಮನೆ. ಕೊಂಡದ್ದೇನು ಅಂದರೆ, ಮೀಸಲು ಪಡೆಯಲ್ಲಿ ವರ್ಷಕ್ಕೆ ಎರಡು ತಿಂಗಳ ಸಿಪಾಯಿಗಿರಿ. ಯಾಕೆ ಕೊಂಡೆ ಅಂತ ಕೇಳಿದರೆ, ನನ್ನದು ಅನ್ನುವುದು ಒಂದಾದರೂ ಇರಲಿ ಅಂತ. ಬೆಲೆ ಹೆಚ್ಚಾಯಿತು. ಹಾಗಂತ ಮಾಲು ಕೆಟ್ಟದ್ದಿತ್ತು ಅಂತ ನಾನು ಇವತ್ತಿಗೂ ಹೇಳುವುದಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಹೊಲ ಮೇಡ್ಲೇರಿ ಕಡೆ, ಹೊಳೆ ದಂಡೆಗೆ. ಇಬ್ಬರು ಅಣ್ಣಂದಿರು ಆಗಲೇ ಅದನ್ನು ಮನಸ್ಸಿನಲ್ಲಿ ಹಂಚಿಕೊಂಡಿದ್ದರು. ಎಮ್ಮೆ ಕಾಯುತ್ತ ಶಾಲೆಗೆ ತಡವಾಗಿ ಸೇರಿದವನು ನಾನು. ಹಾಗಾಗಿ ಪಿಯುಸಿ ಮುಗಿಯುವ ಮೊದಲೇ ಹದಿನೆಂಟು ದಾಟಿತ್ತು. ಓದಿಗಾಗಿ ನನ್ನನ್ನು ಬ್ಯಾಡಗಿಯ ಸೋದರಮಾವನ ಮನೆಯಲ್ಲಿ ಬಿಟ್ಟಿದ್ದರು. ಹೈಸ್ಕೂಲಿನ ಆವರಣದಲ್ಲೇ ನಮ್ಮ ಪಿಯುಸಿ ತರಗತಿ. ಬೆಳಿಗ್ಗೆ ಸಂಜೆ ಮಾವನ ಮೆಣಸಿನಕಾಯಿ ದಲಾಲಿ ಅಂಗಡಿ.

ಮಾವನಿಗೆ ಗಂಡುಮಕ್ಕಳಿಲ್ಲ, ಹೆಣ್ಣುಮಕ್ಕಳಿಬ್ಬರೂ ಗಂಡನ ಮನೆ ಸೇರಿದ್ದರು. ಅಂಗಡಿಯ ಗಾದಿಯ ಮೇಲೆ ಮುಂದೆ ಕೂರುವವನು ನಾನೇ ಅಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿ, ಒಳಗಿನ ಬೀಜದ ಸಪ್ಪಳದಿಂದ ಒಣಗಿದೆಯೋ ನೀರು ಚಿಮುಕಿಸಿದ್ದೋ ಅಂತ ತಿಳಿಯುವುದನ್ನು ಮಾವ ನನಗೆ ಕಲಿಸಿದ್ದ. ಹೆಣ್ಣುಮಕ್ಕಳ ಗಂಡಂದಿರಿಗೆ ಕಲಿಸಿರಲಿಲ್ಲ.

ಅಂಥ ಮನೆಯಲ್ಲಿ ಇದ್ದವನಿಗೆ ಏನು ಕಡಿಮೆಯಾಗಿತ್ತು? ಪರರ ಮನೆಯಲ್ಲಿ ಉಂಡು ಬೆಳೆದವರಿಗೆ ಹೇಳುವುದು ಬೇಕಿಲ್ಲ. ಎರಡನೇ ಸಲ ಸಾರು ಕೇಳುವಾಗ ಕೈ ತಾನೇ ಹಿಂದೆ ಬರುತ್ತದೆ. ಮಾವನ ಹೆಂಡತಿ, ನಮ್ಮ ಅತ್ತಿ, ಕೈ ತುಂಬ ನೀಡುವ ಹೆಂಗಸು, ಆದರೂ. ನನ್ನ ಅರಿವೆ ಮಾವನ ಹಳೆಯವು, ಹಾಸಿಗೆ ಚೀಲಗಳ ಪಕ್ಕ. ತರಗತಿಯಲ್ಲಿ ಮೈಯಿಂದ ಘಾಟು ಬರುತ್ತದೆ ಅಂತ ಹುಡುಗರು ನನ್ನ ಬೆಂಚು ಬಿಟ್ಟು ಕೂರುತ್ತಿದ್ದರು. ಒಬ್ಬನಂತೂ ನಾನು ಒಳಗೆ ಬಂದ ಕೂಡಲೇ ಸುಳ್ಳುಸುಳ್ಳೇ ಸೀನುತ್ತಿದ್ದ.

ಹಾವೇರಿಯ ಮೈದಾನದಲ್ಲಿ ಮೀಸಲು ಪಡೆಗೆ ಭರ್ತಿ ನಡೆಯುತ್ತದೆ ಅಂತ ಅಂಗಡಿಗೆ ಬಂದ ಲಾರಿ ಡ್ರೈವರ್ ಹೇಳಿದ. ಅವನೂ ಅದರಲ್ಲಿದ್ದವನೇ. ವರ್ಷದಲ್ಲಿ ಎರಡು ತಿಂಗಳು ಬೂಟು, ಉಳಿದಂತೆ ತನ್ನ ತನ್ನ ಕಸುಬು ಅಂದ. ಅವನ ಹತ್ತಿರ ಒಂದು ಕರಿ ತಗಡಿನ ಟ್ರಂಕಿತ್ತು, ಮೇಲೆ ಬಿಳಿ ಬಣ್ಣದಲ್ಲಿ ಅವನ ಹೆಸರು. ನಾನು ಡ್ರೈವರನ ಮಾತಿಗಿಂತ ಆ ಟ್ರಂಕನ್ನೇ ಹೆಚ್ಚು ನೋಡಿದೆ.

ರಾಣೆಬೆನ್ನೂರಿಗೆ ಮಾದರಿ ಕಾಯಿ ಕೊಟ್ಟು ಬರುತ್ತೇನೆ ಅಂತ ಹೊರಟವನು ಹಾವೇರಿ ಬಸ್ಸು ಹತ್ತಿದೆ. ಓಡಿದೆ, ಎದೆ ಅಳೆಸಿದೆ, ಪಾಸಾದೆ. ಕೊನೆಗೆ ಒಬ್ಬ ಸುಬೇದಾರರು, ಇದು ಪೂರಾ ನೌಕರಿಯಲ್ಲ, ಊರಲ್ಲಿ ಹೊಟ್ಟೆಗೆ ಏನು ಮಾಡುತ್ತೀ ಅಂತ ಹಿಂದಿಯಲ್ಲಿ ಕೇಳಿದರು. ಮೆಣಸಿನಕಾಯಿ ಅಂಗಡಿ ಅಂದೆ. ಹಾಗಾದರೆ ವರ್ಷಕ್ಕೆ ಎರಡು ತಿಂಗಳು ಬಿಟ್ಟುಕೊಡುತ್ತೇನೆ ಅಂತ ಅಂಗಡಿಯವರಿಂದ ಬರೆಸಿಕೊಂಡು ಬಾ ಅಂದರು. ಅಲ್ಲಿಗೆ ಎಲ್ಲವೂ ಮಾವನ ಕೈಗೆ ಬಂತು.

ಮನೆಯ ಪಡಸಾಲೆಯಲ್ಲಿ ಕೂತು ಹೇಳಿದಾಗ ಮಾವ ಸಿಟ್ಟಾಗಲಿಲ್ಲ. ಮೆಣಸಿನಕಾಯಿಗೆ ಬರುವ ಮೊದಲು ಆತ ಹಾವೇರಿ ದನದ ಪೇಟೆಯಲ್ಲಿ ದಲಾಲಿ ಮಾಡಿದವನು. ಅಲ್ಲಿ ದರ ಬಾಯಲ್ಲಿ ಆಡುವುದಿಲ್ಲ. ಇಬ್ಬರ ಕೈ ಮೇಲೆ ವಸ್ತ್ರ ಮುಚ್ಚಿ ಬೆರಳು ಒತ್ತಿ ಕೇಳುವುದು, ಬೆರಳು ಒತ್ತಿ ಹೇಳುವುದು. ಕೊಟ್ಟ ದರ ಒಪ್ಪದಿದ್ದರೆ ನಿಮ್ಮ ದರ ಒತ್ತಬೇಕು. ಏನೂ ಒತ್ತದೆ ಕೈ ಹೊರಗೆ ತೆಗೆದರೆ ವ್ಯವಹಾರ ಮುರಿಯಿತು. ಅದೇ ದನಕ್ಕೆ ಮತ್ತೆ ಕೈ ಹಾಕುವಂತಿಲ್ಲ.

ಮಾವ ಹೆಗಲ ಮೇಲಿನ ವಲ್ಲಿ ತೆಗೆದು ನನ್ನ ಕೈ ಮೇಲೆ ಹಾಕಿದ. ನಗುತ್ತಲೇ ಇದ್ದ.

“ನಾ ಸಹಿ ಮಾಡತೇನಿ. ಮೊದಲ ನೀ ಎಷ್ಟು ವರ್ಷ ಅಂಗಡಿ ಬಿಟ್ಟು ಕದಲೂದಿಲ್ಲ, ಹೇಳು. ಆಮ್ಯಾಲ ಗಾದಿನೂ ನಿಂದ, ಸೈನ್ಯಾನೂ ನಿಂದ.”

ವಲ್ಲಿಯೊಳಗೆ ನನ್ನ ನಾಲ್ಕು ಬೆರಳು ಹಿಡಿದು ಒತ್ತಿದ. ನಾಲ್ಕು ವರ್ಷ.

ಇಲ್ಲಿ ನನ್ನ ವ್ಯಾಪಾರದ ಬುದ್ಧಿ ಕೆಲಸ ಮಾಡಿತು. ಮೊದಲು ಹೇಳಿದ ದರ ಕೊನೆಯ ದರ ಆಗಿರುವುದಿಲ್ಲ ಅಂತ ಆತನೇ ಕಲಿಸಿದ್ದ. ಬೇಡದವನ ಹಾಗೆ ನಟಿಸಿದರೆ ಎರಡಕ್ಕೆ ಇಳಿಯುತ್ತಾನೆ ಅಂದುಕೊಂಡೆ. ಪೇಟೆಯ ನೇಮ ನನಗೆ ಗೊತ್ತಿರಲಿಲ್ಲ ಅಂತಲ್ಲ. ಅದು ಎತ್ತು ಎಮ್ಮೆಗೆ, ಮಾವ ಅಳಿಯನ ನಡುವೆ ಎಲ್ಲಿಯದು ಅಂದುಕೊಂಡೆ. ಏನೂ ಒತ್ತದೆ ಕೈ ಹೊರಗೆ ತೆಗೆದು, ಗೋಡೆ ನೋಡುತ್ತ ಕೂತೆ.

ಮಾವ ಸ್ವಲ್ಪ ಹೊತ್ತು ಬರಿಯ ವಲ್ಲಿ ಹಿಡಿದುಕೊಂಡೇ ಇದ್ದ. ಆಮೇಲೆ ಅದನ್ನು ಒಮ್ಮೆ ಜಾಡಿಸಿ ಹೆಗಲಿಗೆ ಹಾಕಿಕೊಂಡು, “ಆತು ಬಿಡು ಅಳಿಯಾ,” ಅಂದ. ಪೆನ್ನು ತರಿಸಿ, ಸುಬೇದಾರರು ಕೇಳಿದ ಹಾಗೆಯೇ ಬರೆದು ಸಹಿ ಹಾಕಿಕೊಟ್ಟ. ನಾನು ಗೆದ್ದೆ ಅಂದುಕೊಂಡೆ. ಒಳಗೆ ಹೋದಾಗ ಅತ್ತಿ ಹಿಟ್ಟು ಕಲಸುವುದನ್ನು ನಿಲ್ಲಿಸಿ ಕೇಳಿದಳು:

“ಕೈ ಯಾಕ ತಗದ್ಯೋ ತಮ್ಮಾ? ಎರಡ ಬೆರಳ ಒತ್ತಿದ್ರ ಹೂಂ ಅಂತಿದ್ರು.”

ಮತ್ತೆ ಹೋಗಿ ಕೇಳಲೇ ಅಂದೆ. ಆಕೆ ತಲೆ ಅಲ್ಲಾಡಿಸಿ ಹಿಟ್ಟು ನಾದತೊಡಗಿದಳು.

ಆಮೇಲಿನ ತಿಂಗಳುಗಳಲ್ಲಿ ಮನೆಯಲ್ಲಿ ಯಾರೂ ಒಂದೂ ಕೆಟ್ಟ ಮಾತಾಡಲಿಲ್ಲ. ಅಂಗಡಿಯಲ್ಲಿ ನನ್ನನ್ನು ಕರೆಯುವುದು ಕಡಿಮೆಯಾಯಿತು, ಅಷ್ಟೇ. ಪರೀಕ್ಷೆ ಐತೆಲ್ಲ, ಓದಿಕೋ ಅಂತ ಮಾವ ಹೇಳುವನು. ತರಗತಿಯಲ್ಲಿ ಸೀನುವುದು ನಿಂತು ಸಲಾಮು ಶುರುವಾಗಿತ್ತು. ಜೈ ಹಿಂದ್ ಸಾಹೇಬ್ರ ಅಂತ ಕಾಲು ಕುಟ್ಟುವರು, ಬೆಂಚಿನ ಮೇಲೆ ಮಾತ್ರ ಯಾರೂ ಬಂದು ಕೂರುತ್ತಿರಲಿಲ್ಲ.

ಪರೀಕ್ಷೆ ಮುಗಿಸಿ ಶಿಬಿರಕ್ಕೆ ಹೋದೆ. ಬಡಗಣ ಸೀಮೆಯ ಬಯಲು, ಬಿಸಿಲು, ಡೇರೆ. ನನ್ನ ಡೇರೆಯವರೆಲ್ಲ ಮದುವೆಯಾದವರು: ಡ್ರೈವರು, ಬಡಿಗ, ರೈತರು. ಒಳ್ಳೆಯವರು. ಬೂಟಿನ ಹುಣ್ಣಿಗೆ ಎಣ್ಣೆ ಹಚ್ಚಲು ಕಲಿಸಿದರು, ಬಂದೂಕು ಒರೆಸಿಕೊಟ್ಟರು. ಸಂಜೆಯಾದರೆ ತಮ್ಮ ತಮ್ಮ ಮಕ್ಕಳ ಮಾತು, ಊರಿನ ಮಳೆಯ ಮಾತು, ಅದೂ ಮರಾಠಿಯಲ್ಲಿ. ಭಾನುವಾರ ಅವರು ಹೆಂಡತಿಗೆ ಏನು ಒಯ್ಯಬೇಕು ಅಂತ ಸಂತೆಗೆ ಹೋದರೆ ನಾನು ನನ್ನ ಹೊಸ ಟ್ರಂಕಿನ ಮೇಲೆ ಕೂತು ಹೆಸರು ಬರೆಸಿದ ಬಣ್ಣ ಒಣಗಿತೋ ಇಲ್ಲವೋ ನೋಡುತ್ತಿದ್ದೆ. ಕೇಳಿದ್ದು ಸಿಕ್ಕಿತ್ತು. ತೋರಿಸುವುದಕ್ಕೆ ಯಾರೂ ಇರಲಿಲ್ಲ.

ಬ್ಯಾಡಗಿಗೆ ಮರಳಿ ಬಂದದ್ದು ಒಂದು ಮಧ್ಯಾಹ್ನ. ಸ್ಟೇಷನ್ನಿನಿಂದ ಟ್ರಂಕು ಹೊತ್ತುಕೊಂಡೇ ಅಂಗಡಿಗೆ ನಡೆದೆ. ಗಾದಿಯ ಮೇಲೆ ಅತ್ತಿಯ ತಮ್ಮನ ಮಗ ಕೂತಿದ್ದ, ರಾಣೆಬೆನ್ನೂರಿನವನು, ನನ್ನ ವಯಸ್ಸೇ. ಕಾಯಿಯೊಂದನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಿದ್ದ. ನನ್ನನ್ನು ಕಂಡು ಗಡಬಡಿಸಿ ಎದ್ದ. ಮಾವ ಅವನಿಗೆ ಕೂರು ಅಂತ ಸನ್ನೆ ಮಾಡಿ, ನನಗೆ ಚಹಾ ತರಿಸಿದ. ನಾವು ಮನೆಯವರು ಕುಡಿಯುತ್ತಿದ್ದದ್ದು ಸ್ಟೀಲ್ ಲೋಟದಲ್ಲಿ. ನನಗೆ ಬಂದದ್ದು ಹುಬ್ಬಳ್ಳಿ ವ್ಯಾಪಾರಿಗಳಿಗೆ ಇಟ್ಟಿದ್ದ ಹೂವಿನ ಚಿತ್ರದ ಪಿಂಗಾಣಿ ಕಪ್ಪು-ಬಸಿ.

“ಉಂಡ ಹೋಗು,” ಅಂದ ಮಾವ. ಹೋಗು ಅಂದದ್ದು ಯಾವ ಊರಿಗೆ ಅಂತ ಆತ ಹೇಳಲಿಲ್ಲ, ನಾನು ಕೇಳಲಿಲ್ಲ.

ಉಂಡೆ. ಅತ್ತಿ ಕೇಳದೆಯೇ ಎರಡನೇ ಸಲ ಸಾರು ನೀಡಿದಳು, ಮುಖ ನೋಡಲಿಲ್ಲ. ಸಂಜೆಯ ಬಸ್ಸಿಗೆ ರಾಣೆಬೆನ್ನೂರಿಗೆ ಹೋಗಿ ಒಂದು ಖೋಲಿ ಹಿಡಿದೆ. ಹಳೆಯ ಗೋಣಿಚೀಲ ಕೊಂಡು, ಹೊಲಿಸಿ, ಮಾರುವ ಧಂದೆ ಹಚ್ಚಿದೆ. ಆಮೇಲೆ ಲಾರಿಗೆ ಹೊದಿಸುವ ತಾಡಪತ್ರಿ, ಆಮೇಲೆ ಸ್ವಂತ ಮಳಿಗೆ. ಪ್ರತಿ ವರ್ಷ ಎರಡು ತಿಂಗಳು ಬೀಗ ಹಾಕಿ ಶಿಬಿರಕ್ಕೆ ಹೋಗುತ್ತಿದ್ದೆ. ಬಂದು ಬೀಗ ತೆಗೆದರೆ ಒಳಗೆ ಬಿಟ್ಟುಹೋದ ಗಾಳಿಯೇ ಇರುತ್ತಿತ್ತು. ಮಾವ ನನ್ನಲ್ಲಿ ಚೀಲ ಕೊಂಡಿದ್ದಾನೆ, ಎಷ್ಟೋ ಸಲ. ದರ ಬಾಯಲ್ಲೇ ಕೇಳುವನು, ಹೇಳಿದಷ್ಟು ಕೊಟ್ಟು ಹೋಗುವನು. ಚೌಕಾಶಿ ಮಾಡಿದ್ದರೆ ನನಗೆ ಖುಷಿಯಾಗುತ್ತಿತ್ತು.

ನಿಮ್ಮ ಮಗನೋ ತಮ್ಮನೋ ಇಂಥ ಅರೆಕಾಲದ ಸೈನ್ಯಕ್ಕೆ ಹೆಸರು ಕೊಡುತ್ತೇನೆ ಅಂದರೆ ತಡೆಯಬೇಡಿ. ಶಿಸ್ತು ಬರುತ್ತದೆ, ಕಾಲು ಗಟ್ಟಿಯಾಗುತ್ತವೆ, ನಾಲ್ಕು ಭಾಷೆ ಕಿವಿಗೆ ಬೀಳುತ್ತವೆ. ಹುಡುಗನಿಗೆ ಹೇಳುವುದು ಬೇರೆ ಇದೆ. ಮೈದಾನಕ್ಕೆ ಓಡುವ ಮೊದಲು ಮನೆಯಲ್ಲಿ ಬಾಯಿಬಿಟ್ಟು ಹೇಳು. ಎಷ್ಟು ದಿನ ಹೋಗುತ್ತೇನೆ, ಬಂದಮೇಲೆ ಎಲ್ಲಿ ಕೂರುತ್ತೇನೆ ಅನ್ನುವುದನ್ನು ಮೊದಲೇ ಮಾತಾಡಿ ಮುಗಿಸು. ಅಲ್ಲಿ ಬಿಗುಮಾನ ಬೇಡ, ಒಂದಿಷ್ಟು ಹೆಚ್ಚೇ ಒಪ್ಪಿಕೋ, ನಷ್ಟವಿಲ್ಲ. ನೀನಿಲ್ಲದಾಗ ನಿನ್ನ ಕೆಲಸ ನಿಲ್ಲುವುದಿಲ್ಲ, ಯಾರೋ ಒಬ್ಬರು ಬಂದು ಕೂತೇ ಕೂರುತ್ತಾರೆ. ಅವರು ಯಾರು ಅನ್ನುವುದನ್ನು ಹೋಗುವ ಮುಂಚೆ ನೀನೇ ಆರಿಸಿ, ನೀನೇ ಕರೆತಂದು ಕೂರಿಸಿ ಹೋಗು. ವಾರಕ್ಕೊಂದು ಕಾರ್ಡು ಬರೆ, ಏನೂ ಸುದ್ದಿ ಇಲ್ಲದಿದ್ದರೂ ಬರೆ. ಮರಳಿ ಬಂದ ದಿನ ಅಂಗಡಿಗೆ ಹೋಗಬೇಡ. ಹಿತ್ತಲ ಬಾಗಿಲಿನಿಂದ ಅಡುಗೆಮನೆಗೆ ಹೋಗಿ, ಹಸಿವಾಗಿದೆ ಅನ್ನು.