ದೊಡ್ಡಮ್ಮನ ಕ್ಲಾರಿನೆಟ್ಟಿಗೊಂದು ಕೀ

ಅರ್ಧ ಮುಖ ಊದಿಸಿಕೊಂಡು ಅವನು ದಂತವೈದ್ಯರ ಕೋಣೆಯ ಹೊರಗೆ ಕೂತಿದ್ದ. ವಿದ್ಯುತ್ ಕಂಪನಿಯ ದೂರು ವಿಭಾಗದಲ್ಲಿ ಫೋನೆತ್ತುವುದು ಅವನ ನೌಕರಿ. ದಿನವಿಡೀ ಕಂಡವರ ಬೈಗುಳಕ್ಕೆಲ್ಲ 'ಖಂಡಿತ ಸಾರ್' ಅನ್ನುವ ಈ ಗಂಡುಗಲಿಗೆ ಹಲ್ಲಿನ ಡಾಕ್ಟರ ಹತ್ತಿರ ಒಬ್ಬನೇ ಹೋಗುವ ಎದೆಗಾರಿಕೆ ಇರಲಿಲ್ಲ. 'ನಿಂಗೂ ಮನೇಲಿ ಬೇಜಾರಲ್ವಾ, ಬಾ' ಎಂದು ಉಪಕಾರ ಮಾಡುವವನ ಧಾಟಿಯಲ್ಲಿ ದೊಡ್ಡಮ್ಮನನ್ನು ಹೊರಡಿಸಿಕೊಂಡು ಬಂದಿದ್ದ.

ದೊಡ್ಡಮ್ಮನಿಗೆ ಬೇಜಾರುಪಡಲು ಪುರುಸೊತ್ತೇ ಇರಲಿಲ್ಲ. ಅವಳ ಕ್ಲಾರಿನೆಟ್ಟಿನ ಹಿಂಬದಿಯ, ಹೆಬ್ಬೆರಳಿನಿಂದ ಒತ್ತುವ ಪುಟ್ಟ ಕೀ ಮುರಿದುಹೋಗಿತ್ತು. ಅದನ್ನು ಒತ್ತಿದರೆ ವಾದ್ಯ ತಗ್ಗಿನ ಸ್ವರದಿಂದ ಮೇಲಕ್ಕೆ ನೆಗೆಯುತ್ತದೆ. ಅದಿಲ್ಲದ ಕ್ಲಾರಿನೆಟ್ ಏಣಿ ಇಲ್ಲದ ಅಟ್ಟದ ಹಾಗೆ. ಮೇಲೆ ಎಲ್ಲ ಉಂಟು, ಹತ್ತಲು ದಾರಿಯಿಲ್ಲ. ತಿಂಗಳ ಕೊನೆಯ ಭಾನುವಾರ ಉದ್ಯಾನದಲ್ಲಿ ಅವಳ ಬ್ಯಾಂಡಿನ ಕಾರ್ಯಕ್ರಮ. ಇಷ್ಟು ವರ್ಷ ಹಿಂದಿನ ಸಾಲಿನಲ್ಲಿ ಕೂತವಳಿಗೆ ಮೊದಲ ಬಾರಿಗೆ ಒಬ್ಬಳೇ ನಿಂತು ಒಂದಿಡೀ ಹಾಡು ನುಡಿಸುವ ಸರದಿ ಬಂದಿತ್ತು. ಬ್ಯಾಂಡ್ ಮೇಷ್ಟ್ರು ದಾಕ್ಷಿಣ್ಯದ ಮನುಷ್ಯರಲ್ಲ. 'ಆಗಲ್ಲ ಅಂದ್ರೆ ಈಗಲೇ ಹೇಳ್ಬಿಡಿ ಅಕ್ಕಾ, ಸ್ಯಾಕ್ಸೊಫೋನಿನವನಿಗೆ ಕೊಡ್ತೀನಿ' ಎಂದಿದ್ದರು.

ಬೇರೆ ಕ್ಲಾರಿನೆಟ್ ತಂದರೆ ಆಗದೇ? ಆಗದು. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದ ಕಾಲದಲ್ಲಿ ಯಂತ್ರದ ಸೂಜಿ ಅವಳ ಕಿರುಬೆರಳಿಗೆ ಹೊಕ್ಕಿತ್ತು. ಆ ಬೆರಳು ಮತ್ತೆ ಮಡಚಲಿಲ್ಲ. ಅವಳು ಹೊಲಿಗೆ ಬಿಟ್ಟು ಅದೇ ಯಂತ್ರಗಳ ರಿಪೇರಿ ಕಲಿತಳು. 'ನನ್ನ ಕಚ್ಚಿದ್ದರ ಹಲ್ಲು ಎಣಿಸ್ಬೇಕಿತ್ತು ಕಣೋ' ಎನ್ನುತ್ತಾಳೆ. ಕಾರ್ಖಾನೆಯ ಉಗ್ರಾಣದಿಂದ ಗುಜರಿಗೆ ಹೊರಟಿದ್ದ ಲೋಹದ ಕ್ಲಾರಿನೆಟ್ ಅವಳಿಗೆ ಸಿಕ್ಕಿದ್ದೂ ಆಗಲೇ. ಉಳಿದವರದ್ದೆಲ್ಲ ಕರಿಮರದ್ದು, ಇದು ಬೆಳ್ಳಿ ಬಣ್ಣದ ತೆಳು ಕೊಳವೆ. ಕಂಡವರು ನಲ್ಲಿ ಪೈಪು ಎಂದು ನಕ್ಕರು. ನೆಟ್ಟಗೆ ನಿಂತ ಬೆರಳಿಗೆ ಎಟುಕುವಂತೆ ಅವಳು ಅದರ ಕೀಗಳನ್ನು ಬಗ್ಗಿಸಿ, ಬೆಸೆದು, ಉದ್ದಮಾಡಿ ತನ್ನ ಕೈಗೆ ಒಗ್ಗಿಸಿಕೊಂಡಳು. ಜಗತ್ತಿನಲ್ಲಿ ದೊಡ್ಡಮ್ಮ ನುಡಿಸಬಲ್ಲ ಕ್ಲಾರಿನೆಟ್ ಅದೊಂದೇ.

ಇಂಥವನ್ನು ಮಾಡುತ್ತಿದ್ದ ಕಂಪನಿಗಳು ಬಾಗಿಲು ಹಾಕಿ ಎಷ್ಟೋ ಕಾಲವಾಗಿದೆ. ಒಬ್ಬರ ಸ್ಕ್ರೂ ಇನ್ನೊಬ್ಬರದ್ದಕ್ಕೆ ಕೂರುವುದಿಲ್ಲ. ಓರಗಿತ್ತಿಯರ ಹಾಗೆ, ಹೊರಗಿಂದ ನೋಡಲಷ್ಟೇ ಚೆಂದ. ದೊಡ್ಡಮ್ಮನ ಮಂಚದ ಕೆಳಗಿನ ಬಿಸ್ಕತ್ ಡಬ್ಬಿಗಳ ತುಂಬ ಸತ್ತ ಕ್ಲಾರಿನೆಟ್ಟುಗಳ ಎಲುಬುಗಳಿದ್ದವು. ಸ್ಪ್ರಿಂಗ್ ಮುರಿದರೆ ಹೊಲಿಗೆ ಸೂಜಿಯನ್ನು ನೀಲಿಗಟ್ಟುವ ತನಕ ಕಾಯಿಸಿ ತಾನೇ ಮಾಡಿಕೊಳ್ಳುತ್ತಿದ್ದಳು. ಈ ಕೀ ಮಾತ್ರ ಯಾವ ಡಬ್ಬಿಯಲ್ಲೂ ಇರಲಿಲ್ಲ. ಮುರಿದದ್ದನ್ನೇ ಬೆಸೆದಳು, ಮತ್ತೆ ಮುರಿಯಿತು. ಇನ್ನೊಮ್ಮೆ ಬೆಸೆಯಹೋದಾಗ ತುದಿಯೇ ಕರಗಿತು.

ಆಗ ನಮ್ಮ ಗಂಡುಗಲಿ ಕಣಕ್ಕಿಳಿದಿದ್ದ. 'ಇಂಟರ್ನೆಟ್ಟಲ್ಲಿ ಸಿಗದೇ ಇರೋದು ಏನಿದೆ ದೊಡ್ಡಮ್ಮ?' ಮುರಿದ ಕೀಯ ಪಕ್ಕ ಮೊಬೈಲ್ ಹಿಡಿದು, ಚಿತ್ರದಲ್ಲಿದ್ದದ್ದು ಇದರ ಅವಳಿಯೇ ಎಂದು ತೀರ್ಪು ಕೊಟ್ಟು, ದೂರದ ಊರಿಂದ ತರಿಸಿದ. ಬಂದದ್ದು ಕೂದಲೆಳೆಯಷ್ಟು ಹೆಚ್ಚು ಉದ್ದ; ಕೀ ಕೂರಬೇಕಾದ ಎರಡು ಪುಟ್ಟ ಕಂಬಗಳ ನಡುವೆ ಇಳಿಯಲೇ ಇಲ್ಲ.

'ಅಳತೆ ಕೇಳಿದ್ಯಾ?'

'ಫೋಟೋದಲ್ಲಿ ಒಂದೇ ತರ ಇತ್ತು...'

'ಫೋಟೋದಲ್ಲಿ ನೀನೂ ಚೆನ್ನಾಗೇ ಕಾಣ್ತೀಯಲ್ಲೋ ಭೂಪ!'

ಅದಾದ ಮೇಲೆ ಅವನು ಆ ವಿಷಯದಲ್ಲಿ ಬಾಯಿ ತೆರೆದಿರಲಿಲ್ಲ. ಈಗ ಬಾಯಿ ತೆರೆಯಲೆಂದೇ ಇಲ್ಲಿಗೆ ಬಂದಿದ್ದ.

ಕಾಯುವ ಕೋಣೆಯ ಮೂಲೆಯಲ್ಲೊಂದು ಮೇಜಿನ ದೀಪವಿತ್ತು. ದೊಡ್ಡಮ್ಮ ಅದನ್ನೇ ನೋಡುತ್ತ ನೋಡುತ್ತ ಎದ್ದಳು. ಹತ್ತಿರ ಹೋಗಿ ಕನ್ನಡಕ ಮೇಲೇರಿಸಿದಳು. ದೀಪದ ಕಂಬವೇ ಒಂದು ಲೋಹದ ಕ್ಲಾರಿನೆಟ್. ಅವಳದ್ದರ ಮೇಲಿದ್ದ ಕಂಪನಿಯದೇ ಮುದ್ರೆ.

'ಅಯ್ಯೋ ನನ್ನವ್ವ, ತಲೆ ಮೇಲೆ ಬಲ್ಬು ಹೊತ್ಕೊಂಡು ಇಲ್ಲಿ ನಿಂತಿದ್ಯಾ?'

ಅಷ್ಟರಲ್ಲಿ ಒಳಗಿಂದ ಕರೆ ಬಂತು. ಅವನು ಊದಿದ ಕೆನ್ನೆ ಹಿಡಿದು ನಡೆದ. ಹಿಂದೆಯೇ ದೊಡ್ಡಮ್ಮ ಪ್ಲಗ್ ಕಿತ್ತ ದೀಪವನ್ನು ಕೂಸಿನಂತೆ ಎತ್ತಿಕೊಂಡು ಬಂದಳು.

'ಇದು ಎಲ್ಲಿ ಸಿಕ್ತು ಡಾಕ್ಟ್ರೇ?'

'ನಾನು ಈ ಜಾಗ ತಗೊಂಡಾಗ್ಲೇ ಇತ್ತಮ್ಮ. ಬಾಯಿ ದೊಡ್ಡದಾಗಿ ತೆಗೀರಿ' ಎಂದರು ಡಾಕ್ಟರಮ್ಮ. ಎರಡನೇ ಮಾತು ಅವನಿಗೆ.

ಮುಂದಿನ ವ್ಯವಹಾರವೆಲ್ಲ ಅವನ ತೆರೆದ ಬಾಯಿಯ ಮೇಲೆಯೇ ನಡೆಯಿತು. ದೊಡ್ಡಮ್ಮ ಕಥೆ ಹೇಳಿದಳು. ಡಾಕ್ಟರಮ್ಮ ಕೊರೆಯುತ್ತಲೇ ಕೇಳಿದರು.

'ಒಂದು ಕೀ ತಾನೇ? ಬಿಚ್ಕೊಂಡು ಹೋಗಿ. ದೀಪದ ಬೆನ್ನು ಯಾರು ನೋಡ್ತಾರೆ?'

ಬಾಯಿ ತುಂಬ ಹತ್ತಿಯಿದ್ದ ಅವನಿಗೆ ಕುಣಿಯುವಷ್ಟು ಖುಷಿಯಾಯಿತು. ದೊಡ್ಡಮ್ಮ ಚೀಲದಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು ಕೀ ಬಿಚ್ಚಿದಳು. ಕರವಸ್ತ್ರದಲ್ಲಿ ಕಟ್ಟಿ ತಂದಿದ್ದ ಮುರಿದ ತುಂಡಿನ ಪಕ್ಕ ಹಿಡಿದಳು. ಕರಗಿದ ತುದಿಯೊಂದು ಬಿಟ್ಟರೆ ಅಗಲ, ಬಾಗು, ಎಲ್ಲ ಅದೇ. ಆಮೇಲೆ ಬಲ್ಬು ತೆಗೆದು ಕೊಳವೆಯೊಳಗೆ ಇಣುಕಿದಳು. ಬಹಳ ಹೊತ್ತು ಇಣುಕಿದಳು. ಕೊನೆಗೆ ಆ ಕೀಯನ್ನು ಇದ್ದಲ್ಲೇ ಕೂರಿಸಿ ಸ್ಕ್ರೂ ಬಿಗಿದಳು.

'ಯಾಕಮ್ಮ?'

'ಎಲ್ಲೂ ತೂತು ಕೊರೆದಿಲ್ಲ ಡಾಕ್ಟ್ರೇ, ವೈರು ಸುಮ್ನೆ ಒಳಗಿಂದ ಎಳೆದಿದ್ದಾರೆ. ಮೈ ನೆಟ್ಟಗಿದೆ. ಒಂದು ಕೀಯೂ ಕಳೆದಿಲ್ಲ. ಇದು ಸತ್ತಿಲ್ಲ, ನಿದ್ದೆ ಹೋಗಿದೆ ಅಷ್ಟೆ. ಸತ್ತಿದ್ರೆ ಬಿಚ್ತಿದ್ದೆ. ಬದುಕೋ ಜೀವದ್ದು ಕೀಳಬಾರದು.'

'ಕಡಲೆ ಸಿಕ್ತು, ಹಲ್ಲೂ ಇದೆ, ತಿನ್ನಲ್ಲ ಅಂತೀರಲ್ಲಮ್ಮ!'

ಅವನು ಕುರ್ಚಿಯಲ್ಲಿ ಕೈಕಾಲು ಬಡಿದ. 'ನೋವಾಯ್ತಾ?' ಎಂದರು ಡಾಕ್ಟರಮ್ಮ. ಆಗಿದ್ದು ಹೌದು, ಹಲ್ಲಿಗಲ್ಲ. ಕೈಗೆ ಬಂದದ್ದನ್ನು ಬಿಡುವುದನ್ನು ಅವನು ತನ್ನ ಆಫೀಸಿನಲ್ಲಿ ಒಂದು ಪೆನ್ನಿನ ವಿಷಯದಲ್ಲೂ ಕಂಡಿರಲಿಲ್ಲ, ತಾನಂತೂ ಮಾಡಿರಲಿಲ್ಲ.

ಡಾಕ್ಟರಮ್ಮ ಗುಲಾಬಿ ಬಣ್ಣದ ಹಿಟ್ಟಿನಂಥದ್ದನ್ನು ನಾದಿ ಅವನ ದವಡೆಗೆ ಒತ್ತಿದರು. ದೊಡ್ಡಮ್ಮ ಬಗ್ಗಿ ನೋಡಿದಳು.

'ಇದೇನು ಡಾಕ್ಟ್ರೇ?'

'ಹಲ್ಲಿನ ಅಚ್ಚು, ಕ್ಯಾಪ್ ಹಾಕೋಕೆ. ಲ್ಯಾಬಲ್ಲಿ ಇದರಿಂದ ಮೇಣದ ಹಲ್ಲು ಮಾಡಿ, ಆಮೇಲೆ ಲೋಹದಲ್ಲಿ ಎರಕ ಹೊಯ್ತಾರೆ.'

'ಗಟ್ಟಿನಾ?'

'ಇವರು ಕಲ್ಲು ಕಡಿದ್ರೂ ಮುರಿಯಲ್ಲ.'

ದೊಡ್ಡಮ್ಮನ ನೋಟ ಅವನ ಬಾಯಿಂದ ದೀಪಕ್ಕೆ, ದೀಪದಿಂದ ಬಾಯಿಗೆ ಓಡಾಡಿತು.

'ಡಾಕ್ಟ್ರೇ, ಹಿಟ್ಟು ಮಿಕ್ಕಿದೆಯಾ?'

ಡಾಕ್ಟರಮ್ಮ ನಕ್ಕ ರಭಸಕ್ಕೆ ಅವರ ಮುಖಗವಸು ಜಾರಿತು. ಕೀ ಇನ್ನೊಮ್ಮೆ ಹೊರಬಂತು. ಎರಡೂ ಮಗ್ಗುಲ ಅಚ್ಚು ಕೊಟ್ಟು ಮತ್ತೆ ದೀಪದ ಬೆನ್ನಿಗೆ ಹೋಗಿ ಕೂತಿತು.

ಕೆಲವು ದಿನ ಕಳೆದು ಲ್ಯಾಬಿನಿಂದ ಅವನಿಗೆ ಫೋನು ಬಂತು. 'ಸಾರ್, ದವಡೆ ಹಲ್ಲು ಸರಿ. ಇನ್ನೊಂದು ಇದೆಯಲ್ಲ, ಬಾಲ ಇರೋದು, ಅದು ಯಾರ ಬಾಯಿಗೆ?' ಊರಿನ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುವವನು ಇದಕ್ಕೆ ಮಾತ್ರ ಫೋನನ್ನು ದೊಡ್ಡಮ್ಮನ ಕೈಗಿಟ್ಟ.

ಒಂದೇ ಮೂಸೆಯಲ್ಲಿ ಕರಗಿದ ಲೋಹ. ಪಾಲೊಂದು ಅವನ ದವಡೆಗೆ, ಪಾಲೊಂದು ದೊಡ್ಡಮ್ಮನ ಕೈಗೆ ಬಂತು. ಅದರ ಗಟ್ಟಿತನಕ್ಕೆ ಅವಳ ಅರ ಜಾರಿತು, ಡ್ರಿಲ್ಲಿನ ಮೊನೆ ಮೊಂಡಾಯಿತು. ಡಾಕ್ಟರಮ್ಮ ಕೊಟ್ಟಿದ್ದ, ಹಲ್ಲು ಕೊರೆದು ಸವೆದ ಮೊನೆಗಳಿಂದಲೇ ಸ್ಕ್ರೂವಿನ ದಾರಿ ಬಿಡಿಸಿದಳು. ಸೂಜಿಯ ಸ್ಪ್ರಿಂಗ್ ಹಾಕಿ, ತೂತು ಮುಚ್ಚುವ ಪುಟ್ಟ ಮೆತ್ತೆಯನ್ನು ಅರಗಿನಿಂದ ಅಂಟಿಸಿ ಊದಿದಳು. ಕೊರ್ ಎಂದಿತು ಅಷ್ಟೆ.

'ಭಾನುವಾರ ನಾಳೆನೇ ದೊಡ್ಡಮ್ಮ. ಬಿಟ್ಬಿಡು, ಸ್ಯಾಕ್ಸೊಫೋನಿನವನೇ ನುಡಿಸ್ಲಿ.'

ಅವಳಿಗೆ ಅದು ಕೇಳಿಸಲೇ ಇಲ್ಲ. ಮೆತ್ತೆಯ ಕೆಳಗೆ ತೆಳು ಕಾಗದದ ಎಳೆಯಿಟ್ಟು ಮೆಲ್ಲಗೆ ಎಳೆದಳು. ಒಂದು ಕಡೆ ಹಿಡಿಯಿತು, ಇನ್ನೊಂದು ಕಡೆ ಸಲೀಸಾಗಿ ಜಾರಿತು. ಗಾಳಿ ಸೋರುತ್ತಿದ್ದದ್ದು ಅಲ್ಲೇ. ಮೇಣದಬತ್ತಿಗೆ ಹಿಡಿದು ಅರಗು ಕರಗಿಸಿ, ಮೆತ್ತೆಯನ್ನು ಒಂದಿಷ್ಟು ಓರೆಮಾಡಿ, ಆರಿಸಿ, ಮತ್ತೆ ಎಳೆದು ನೋಡಿದಳು. ಮತ್ತೆ ಕಾಯಿಸಿದಳು. ಮೂರು ಸಲವೋ ನಾಲ್ಕು ಸಲವೋ. ಅವನ ಆಕಳಿಕೆ ಮುಗಿಯುವ ಮೊದಲೇ ತಗ್ಗಿನ ಸ್ವರವೊಂದು ಎದ್ದು ಅಟ್ಟಕ್ಕೆ ನೆಗೆಯಿತು. ಆಕಳಿಕೆ ಅರ್ಧಕ್ಕೇ ನಿಂತಿತು.

ಭಾನುವಾರ ದೊಡ್ಡಮ್ಮ ಮುಂದೆ ಬಂದು ನಿಂತಾಗ ಕೂತಿದ್ದವರಲ್ಲಿ ಯಾರೋ ಪೈಪು ಎಂದರು. ಅವನು ತಿರುಗಿ ದುರುಗುಟ್ಟಿದ, ನೌಕರಿ ಸೇರಿದ ಮೇಲೆ ಮೊದಲ ಬಾರಿ. ಹಾಡು ತಗ್ಗಿನಲ್ಲಿ ಶುರುವಾಗಿ ಅಲ್ಲೇ ಸುಳಿದಾಡಿತು. ಹೆಬ್ಬೆರಳು ಒತ್ತಿತು. ಸ್ವರ ಅಳುಕಿಲ್ಲದೆ ಮೇಲೇರಿ ಮರಗಳ ತುದಿಯವರೆಗೂ ಹೋಯಿತು. ಮಡಚದ ಆ ಕಿರುಬೆರಳು ತನಗಾಗಿ ಉದ್ದ ಮಾಡಿಸಿಕೊಂಡ ಕೀಯ ಮೇಲೆ ಹಾಯಾಗಿ ಆಡಿತು. ಹಾಡು ಮುಗಿದರೂ ಮೇಷ್ಟ್ರು ಎತ್ತಿದ ಕೋಲು ಇಳಿಸುವುದನ್ನು ಮರೆತು ನಿಂತಿದ್ದರು.

'ಮುಂದಿನದು ಶುರು ಮಾಡಿ ಮೇಷ್ಟ್ರೇ' ಎಂದಳು ದೊಡ್ಡಮ್ಮ, 'ಜನ ಕಾಯ್ತಿದ್ದಾರೆ.'